ಮೊಬೈಲ್ ಆಫ್ ಮಾಡಿ ಕುದುರೆಮುಖದ ಕಾಡಲ್ಲಿ ಎರಡು ರಾತ್ರಿ: ಮನೆಮಂದಿಯೆಲ್ಲ ಹೋಗೋದಾದ್ರೆ ಏನೇನು ತಯಾರಿ ಬೇಕು

ನಾವು ಹಾಸನದವ್ರು, ಮನೇಲಿ ಐದು ಜನ. ನಾನು, ನಮ್ಮನೆಯವ್ರು, ಅತ್ತೆ, ಎಂಟನೇ ಕ್ಲಾಸ್ ಮಗ, ನಾಲ್ಕನೇ ಕ್ಲಾಸ್ ಮಗಳು. ಕಳೆದ ಡಿಸೆಂಬರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟಲ್ಲಿ ಎರಡು ರಾತ್ರಿ ಇದ್ದು ಬಂದ್ವಿ, ಫೋನ್ ಇಲ್ಲ, ಟ್ಯಾಬ್ ಇಲ್ಲ, ಸ್ಪೀಕರ್ ಇಲ್ಲ. ಬಂದ್ಮೇಲೆ ಕೇಳಿದವ್ರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಮಕ್ಕಳು ಹೆಂಗೆ ಇದ್ರು ಅಂತ. ಮಕ್ಕಳು ಚೆನ್ನಾಗೇ ಇದ್ರು ಕಣ್ರೀ. ಕಷ್ಟ ಬರೋದು ಬೇರೆ ಕಡೆ. ಫೋನು ನಮಗೆ ಗೊತ್ತಿಲ್ದೇನೆ ದಿನಕ್ಕೆ ಹತ್ತಾರು ಕೆಲಸ ಮಾಡ್ಕೊಡ್ತಿರುತ್ತೆ, ಟೈಮ್ ಹೇಳುತ್ತೆ, ದಾರಿ ತೋರ್ಸುತ್ತೆ, ಬೆಳಕು ಕೊಡುತ್ತೆ, ದುಡ್ಡು ಕಟ್ಟುತ್ತೆ, ಅಳೋ ಮಗೂನ ಸುಮ್ಮನಿರ್ಸುತ್ತೆ. ಆ ಒಂದೊಂದು ಕೆಲಸನೂ ಹೊರಡೋ ಮುಂಚೆನೇ ಯಾರಿಗೋ ಯಾವುದಕ್ಕೋ ವಹಿಸಿಟ್ಟಿರ್ಬೇಕು, ಇಲ್ಲಾಂದ್ರೆ ಮೊದಲನೇ ಸಂಜೆ ಏಳು ಗಂಟೆಗೇ ಯಾರಾದ್ರೂ ಒಬ್ರು ಬ್ಯಾಗಿಗೆ ಕೈ ಹಾಕ್ತಾರೆ. ಅದಕ್ಕೇ ನಾವು ಹೆಂಗೆ ಮಾಡಿದ್ವಿ ಅಂತ ಒಂದೊಂದಾಗಿ ಬರೀತಿದ್ದೀನಿ.

ಮೊದಲು ಜಾಗ

ರಾಷ್ಟ್ರೀಯ ಉದ್ಯಾನದಲ್ಲಿ ನಮಗಿಷ್ಟ ಬಂದ ಕಡೆ ಟೆಂಟ್ ಹೊಡೆಯೋಕೆ ಬಿಡಲ್ಲ, ಅದನ್ನ ಮೊದ್ಲೇ ತಲೇಲಿಟ್ಕೊಳ್ಳಿ. ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇರೋ ಕಡೆ ಮಾತ್ರ ಉಳ್ಕೋಬೇಕು. ಕುದುರೆಮುಖದಲ್ಲಿ ಭಗವತಿ ನೇಚರ್ ಕ್ಯಾಂಪ್ ಇದೆ, ಭದ್ರಾ ನದಿ ಪಕ್ಕ, ಸುತ್ತ ಹುಲ್ಲುಗುಡ್ಡ, ಗುಡ್ಡದ ಮಡಿಕೆಗಳಲ್ಲಿ ಶೋಲಾ ಅನ್ನೋ ದಟ್ಟ ಹಸಿರು ಕಾಡು. ಚಿಕ್ಕಮಗಳೂರು ಕಡೆಯಿಂದ ಹತ್ರ ಬೇಕು ಅಂದ್ರೆ ಭದ್ರಾ ಅಭಯಾರಣ್ಯದ ಮುತ್ತೋಡಿ ಕ್ಯಾಂಪ್ ಇದೆ, ಆದ್ರೆ ಅದು ಹುಲಿ ಮೀಸಲು ಪ್ರದೇಶ, ಆನೆಗಳೂ ಜಾಸ್ತಿ, ಸಂಜೆ ಮೇಲೆ ಮಕ್ಕಳನ್ನ ಅಂಗಳಕ್ಕೆ ಬಿಡೋಕೂ ಯೋಚ್ನೆ ಮಾಡ್ಬೇಕಾಗುತ್ತೆ. ಚಿಕ್ಕ ಮಕ್ಕಳಿದ್ರೆ ಮೊದಲ ಸಲಕ್ಕೆ ಕುದುರೆಮುಖದ ಕಡೆಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಇದಕ್ಕೆ ಮುಂಚೆ ಒಂದ್ಸಲ ನಾವು ಮೋಸ ಹೋಗಿದ್ವಿ. ಕಾಡಿನ ಮಧ್ಯೆ ಟೆಂಟ್ ಅಂತ ಹೇಳಿದ್ದ ಒಂದು ಹೋಂಸ್ಟೇಗೆ ಹೋದ್ರೆ ಅದು ಕಾಫಿ ತೋಟದ ಪಕ್ಕ ರೋಡಿಗೆ ಅಂಟ್ಕೊಂಡಿತ್ತು, ರಾತ್ರಿ ಹನ್ನೆರಡರ ತನಕ ಡಿಜೆ, ಮಗಳು ಕಿವಿ ಮುಚ್ಕೊಂಡು ಮಲಗಿದ್ಲು. ಅದಕ್ಕೇ ಹೇಳ್ತೀನಿ, ಬುಕ್ ಮಾಡೋ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಈಗ ಕ್ಯಾಂಪ್ ತೆರೆದಿದ್ಯಾ, ಊಟ ಅಲ್ಲೇ ಕೊಡ್ತೀರಾ, ರಾತ್ರಿ ಸಿಬ್ಬಂದಿ ಯಾರಾದ್ರೂ ಇರ್ತಾರಾ. ಬುಕಿಂಗ್ ಎಲ್ಲ ಆನ್‌ಲೈನಲ್ಲೇ ಆಗೋದು, ಅದನ್ನ ಮನೇಲೇ ಮುಗಿಸಿ ಪ್ರಿಂಟ್ ತೆಗೆಸಿಡಿ, ಎಲ್ಲರ ಆಧಾರ್ ಜೆರಾಕ್ಸ್ ಜೊತೆ ಒಂದು ಪ್ಲಾಸ್ಟಿಕ್ ಫೈಲಲ್ಲಿ ಹಾಕಿ. ಫೋನಲ್ಲಿದೆ ತೋರಿಸ್ತೀನಿ ಅಂದ್ಕೊಂಡ್ರೆ ಚೆಕ್‌ಪೋಸ್ಟಲ್ಲೇ ಫೋನ್ ಆನ್ ಮಾಡ್ಬೇಕಾಗುತ್ತೆ.

ಕುದುರೆಮುಖ ಶಿಖರ ಹತ್ತೋ ಆಸೆ ಈ ಟ್ರಿಪ್ಪಲ್ಲಿ ಬೇಡ. 1,894 ಮೀಟರ್ ಎತ್ತರ, ಹೋಗಿ ಬರೋದು ಸುಮಾರು 20 ಕಿ.ಮೀ., ಅದಕ್ಕೆ ಬೇರೆ ಪರ್ಮಿಶನ್ ಬೇರೆ ತಯಾರಿ. ಅಜ್ಜಿ, ಮೊಮ್ಮಕ್ಕಳು ಇರೋ ಗುಂಪಿಗೆ ಕ್ಯಾಂಪ್ ಸುತ್ತಮುತ್ತ ಗಾರ್ಡ್ ಜೊತೆ ಒಂದೆರಡು ಗಂಟೆ ನಡೆದ್ರೆ ಸಾಕು.

ಯಾವಾಗ ಹೋಗೋದು

ಜೂನಿಂದ ಸೆಪ್ಟೆಂಬರ್ ಬಿಟ್ಬಿಡಿ, ಆ ಮಳೇಲಿ ಟೆಂಟ್ ಅನ್ನೋ ಮಾತೇ ಇಲ್ಲ. ಅಕ್ಟೋಬರ್ ದಸರಾ ರಜೆ ಚೆನ್ನಾಗೇ ಇರುತ್ತೆ, ಹಸಿರು ಕಣ್ಣಿಗೆ ಹಬ್ಬ, ಆದ್ರೆ ಇಂಬಳ, ಅಂದ್ರೆ ಜಿಗಣೆ, ಇನ್ನೂ ಹೋಗಿರಲ್ಲ. ಫೆಬ್ರವರಿ ದಾಟಿದ್ರೆ ಹುಲ್ಲು ಒಣಗಿ ಕಾಡಿಗೆ ಬೆಂಕಿ ಬೀಳೋ ಕಾಲ, ಎಷ್ಟೋ ಜಾಗ ಮುಚ್ಚಿರ್ತಾರೆ, ಉಣ್ಣೆ, ಅಂದ್ರೆ ಮೈಗೆ ಹತ್ತಿ ರಕ್ತ ಹೀರೋ ಸಣ್ಣ ಉಣುಗಿನ ಕಾಟನೂ ಹೆಚ್ಚು. ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ನಮ್ಮಂಥವ್ರಿಗೆ ಸರಿಯಾದ ಸಮಯ. ಶನಿವಾರ ಭಾನುವಾರ ಜನ ಜಾಸ್ತಿ ಅಂತ ನಾವು ಮಕ್ಕಳಿಗೆ ಸ್ಕೂಲ್ ರಜೆ ಹಾಕ್ಸಿ ವಾರದ ಮಧ್ಯೆ ಹೋದ್ವಿ, ಕ್ಯಾಂಪಲ್ಲಿ ನಮ್ಮ ಬಿಟ್ರೆ ಇನ್ನೊಂದೇ ಕುಟುಂಬ.

ಇನ್ನೊಂದು ವಿಷಯ, ಕ್ಯಾಲೆಂಡರಲ್ಲಿ ಅಮಾವಾಸ್ಯೆ ನೋಡ್ಕೊಳ್ಳಿ. ಚಂದ್ರ ಇಲ್ಲದ ರಾತ್ರಿ ಆಕಾಶ ನೋಡೋದೇ ಈ ಟ್ರಿಪ್ಪಿನ ಮುಖ್ಯ ಕೆಲಸ. ನಮ್ಮತ್ತೆ ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂದ್ರು, ಸರಿ ಅಂತ ಅದಕ್ಕೆ ಎರಡು ದಿನ ಮುಂಚೆ ಹೊರಟ್ವಿ, ಆಕಾಶಕ್ಕೇನೂ ವ್ಯತ್ಯಾಸ ಆಗಲಿಲ್ಲ.

ಫೋನಿನ ಕೆಲಸ ಹಂಚೋದು

ಇದು ಎಲ್ಲಕ್ಕಿಂತ ಮುಖ್ಯ, ಒಂದು ವಾರ ಮುಂಚೆನೇ ಶುರು ಮಾಡಿ. ರಾತ್ರಿ ಊಟ ಆದ್ಮೇಲೆ ಎಲ್ಲರೂ ಕೂತು ಒಂದು ಹಾಳೇಲಿ ಇವತ್ತು ಫೋನಲ್ಲಿ ಏನೇನು ಮಾಡಿದ್ವಿ ಅಂತ ಬರೀರಿ, ದೊಡ್ಡವರದ್ದೂ ಸೇರಿಸಿ. ನಮ್ಮನೇಲಿ ಹದಿನೇಳು ಕೆಲಸ ಬಂತು. ಮಗ ನೋಡ್ತಾನೆ, ಅದರಲ್ಲಿ ಹನ್ನೊಂದು ಅಪ್ಪ ಅಮ್ಮಂದೇ. ಮಕ್ಕಳಿಗೆ ಮಾತ್ರ ಫೋನ್ ಬೇಡ ಅನ್ನೋ ರೂಲ್ಸ್ ಮಾಡ್ಕೊಂಡು ಹೋಗ್ಬೇಡಿ, ಅಪ್ಪ ಆಫೀಸ್ ಕಾಲ್ ಅಂತ ಒಂದ್ಸಲ ಆನ್ ಮಾಡಿದ್ರೆ ಅಲ್ಲಿಗೆ ಮುಗೀತು. ನಮ್ಮನೆಯವ್ರು ಆಫೀಸಲ್ಲಿ ಮೂರು ದಿನ ಸಿಗಲ್ಲ ಅಂತ ಮುಂಚೆನೇ ಹೇಳಿ ಬಂದ್ರು, ಅದೊಂದು ಮಾತು ಹೇಳೋಕೆ ಅವ್ರಿಗೆ ಎರಡು ದಿನ ಬೇಕಾಯ್ತು.

ಆಮೇಲೆ ಒಂದೊಂದು ಕೆಲಸಕ್ಕೂ ಒಬ್ಬೊಬ್ರು. ಟೈಮ್ ಮಗನ ಜವಾಬ್ದಾರಿ, ಅವನ ಕೈಗೆ ಅವರ ತಾತನ ಕೀ ಕೊಡೋ ವಾಚು, ದಿನಾ ಬೆಳಿಗ್ಗೆ ಕೀ ಕೊಡೋದೂ ಅವನೇ. ಬೆಳಕು ನಮ್ಮನೆಯವ್ರದ್ದು: ಒಬ್ಬೊಬ್ರಿಗೂ ಒಂದೊಂದು ಸೆಲ್ ಟಾರ್ಚು, ಎಕ್ಸ್‌ಟ್ರಾ ಸೆಲ್ಲು. ಟಾರ್ಚು ಟೆಕ್ನಾಲಜಿ ಅಲ್ವಾ ಅಂತ ಮಗ ವಾದ ಮಾಡಿದ, ಇರಬಹುದು, ಆದ್ರೆ ಕಾಡಲ್ಲಿ ಕತ್ತಲಲ್ಲಿ ಟಾರ್ಚ್ ಇಲ್ದೆ ಕಾಲಿಡ್ಬಾರ್ದು, ಅಲ್ಲಿ ಹಟ ಬೇಡ. ಒಂದು ಟಾರ್ಚಿಗೆ ಮಾತ್ರ ಗಣಪತಿ ಮಂಟಪಕ್ಕೆ ಅಂಟಿಸ್ತೀವಲ್ಲ ಆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ, ಯಾಕೆ ಅಂತ ಮುಂದೆ ಹೇಳ್ತೀನಿ. ದುಡ್ಡು ನನ್ನದು, ಕ್ಯಾಶ್, ಅದೂ ಚಿಲ್ಲರೆ, ಯಾಕಂದ್ರೆ ನೆಟ್‌ವರ್ಕ್ ಇಲ್ಲದ ಕಡೆ ಸ್ಕ್ಯಾನ್ ಮಾಡೋಕಾಗಲ್ಲ. ಫೋಟೋ ತೆಗೆಯೋ ಕೆಲಸ ಮಗಳದ್ದು, ಅಂದ್ರೆ ಒಂದು ಡ್ರಾಯಿಂಗ್ ಪುಸ್ತಕ, ಎರಡು ಪೆನ್ಸಿಲ್, ಮೆಂಡರ್ರು. ಕಥೆ ಹಾಡು ಒಗಟು ಅತ್ತೇದು.

ಎಮರ್ಜೆನ್ಸಿಗೆ ಒಂದೇ ಒಂದು ಫೋನ್, ಫುಲ್ ಚಾರ್ಜ್ ಮಾಡಿ ಸ್ವಿಚ್ ಆಫ್ ಮಾಡಿ, ಒಂದು ಕವರಲ್ಲಿ ಹಾಕಿ ಗೋಂದು ಹಚ್ಚಿ ಅಂಟಿಸಿ, ಮೇಲೆ ಎಲ್ಲರೂ ಸಹಿ ಹಾಕಿ ಕಾರಿನ ಡ್ಯಾಶ್‌ಬೋರ್ಡಲ್ಲಿಡಿ. ಆದ್ರೆ ಅದೊಂದನ್ನೇ ನಂಬ್ಕೊಂಡು ಹೋಗ್ಬೇಡಿ, ಕಾಡೊಳಗೆ ಸಿಗ್ನಲ್ ಸಿಗದೇ ಇರೋ ಜಾಗನೇ ಹೆಚ್ಚು. ಹೋದ ತಕ್ಷಣ ಕ್ಯಾಂಪ್ ಸಿಬ್ಬಂದೀನ ಕೇಳಿ, ರಾತ್ರಿ ಏನಾದ್ರೂ ಆದ್ರೆ ನಿಮ್ಮನ್ನ ಎಲ್ಲಿ ಕರೀಬೇಕು, ವೈರ್‌ಲೆಸ್ ಇದ್ಯಾ, ಹತ್ರದ ಆಸ್ಪತ್ರೆ ಯಾವ್ದು. ಬೇಕಾದ ನಂಬರ್‌ಗಳು, 112 ಸೇರಿಸಿ, ಒಂದು ಚೀಟೀಲಿ ಬರೆದು ಪ್ರತಿಯೊಬ್ಬರ ಜೇಬಲ್ಲೂ ಇಡಿ. ನಮ್ಮಲ್ಲಿ ಯಾರಿಗೂ ಒಬ್ಬರ ನಂಬರ್ರೂ ಬಾಯಿಗೆ ಬರ್ತಿರ್ಲಿಲ್ಲ, ಆ ವಾರ ಮಗಳು ಅಪ್ಪನ ನಂಬರ್ ಕಂಠಪಾಠ ಮಾಡಿದ್ಲು. ಊರಲ್ಲಿ ಒಬ್ಬರಿಗೆ, ನಮ್ಮದ್ರಲ್ಲಿ ನನ್ನ ತಮ್ಮನಿಗೆ, ಎಲ್ಲಿರ್ತೀವಿ ಯಾವ ದಿನ ಎಷ್ಟೊತ್ತಿಗೆ ವಾಪಸ್ ಬರ್ತೀವಿ, ಅಷ್ಟೊತ್ತಿಗೆ ಬರ್ಲಿಲ್ಲ ಅಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆದು ಕೊಟ್ಟು ಹೋಗಿ. ಬಾಯಲ್ಲಿ ಹೇಳೋದು ಸಾಕಾಗಲ್ಲ.

ಮ್ಯಾಪ್ ಕೈಯಲ್ಲೇ ಬರೀರಿ

ಪುಸ್ತಕದಂಗಡೀಲಿ ಕರ್ನಾಟಕದ ರೋಡ್ ಮ್ಯಾಪ್ ಸಿಗುತ್ತೆ, ಅದನ್ನ ತಗೊಂಡು ಬಂದು ಒಂದು ಚಾರ್ಟ್ ಶೀಟ್ ಮೇಲೆ ಮಕ್ಕಳ ಕೈಲಿ ದೊಡ್ಡದಾಗಿ ಬರೆಸಿ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ. ಬರೀತಾ ಬರೀತಾ ನದಿಗಳನ್ನೂ ಹಾಕ್ಸಿ, ಅಲ್ಲಿದೆ ಮಜಾ. ನಮ್ಮನೆ ನಲ್ಲೀಲಿ ಬರೋ ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ರ, ಅಂದ್ರೆ ನಾವು ಹೋಗೋ ದಾರಿಗೆ ಹತ್ರಾನೇ. ಅದು ಗೊರೂರು ದಾಟಿ ಕಾವೇರಿ ಸೇರಿ ಪೂರ್ವಕ್ಕೆ ಹೋಗುತ್ತೆ. ಅಲ್ಲಿಂದ ಸ್ವಲ್ಪ ಮುಂದೆ ಕುದುರೆಮುಖದ ಕಾಡೊಳಗೆ ಗಂಗಾಮೂಲ, ತುಂಗಾ ಭದ್ರಾ ನೇತ್ರಾವತಿ ಮೂರೂ ಅಲ್ಲಿಂದಾನೇ. ತುಂಗಾ ಭದ್ರಾ ಎರಡೂ ಬೇರೆ ಬೇರೆ ದಾರೀಲಿ ಹೋಗಿ ಕೂಡ್ಲಿ ಹತ್ರ ಸೇರಿ ಮುಂದೆ ಕೃಷ್ಣೆಗೆ, ನೇತ್ರಾವತಿ ಮಾತ್ರ ಘಟ್ಟ ಇಳಿದು ಮಂಗಳೂರ ಹತ್ರ ಅರಬ್ಬಿ ಸಮುದ್ರಕ್ಕೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ, ಈ ಪಕ್ಕ ಬಿದ್ರೆ ಒಂದು ಸಮುದ್ರ, ಆ ಪಕ್ಕ ಬಿದ್ರೆ ಇನ್ನೊಂದು. ಮಗ ಮೂರು ಬಣ್ಣದ ಸ್ಕೆಚ್ ಪೆನ್ನಲ್ಲಿ ಇದನ್ನೆಲ್ಲ ಬರೆದಿದ್ದ, ದಾರೀಲಿ ಸೇತುವೆ ಬಂದಾಗೆಲ್ಲ ಕಾರ್ ನಿಧಾನ ಮಾಡ್ಸಿ ಇದು ಯಾವ ಬಣ್ಣದ ನೀರು ಅಂತ ತಂಗೀನ ಕೇಳ್ತಿದ್ದ.

ದಾರಿ ಹೇಳೋ ಕೆಲಸ ಮಕ್ಕಳಿಗೇ ಬಿಡಿ. ಸಂಶಯ ಬಂದ್ರೆ ನಿಲ್ಸಿ ಯಾರನ್ನಾದ್ರೂ ಕೇಳಿ, ಮಲೆನಾಡಲ್ಲಿ ದಾರಿ ಕೇಳಿದ್ರೆ ಜನ ನಿಂತು ಮಾತಾಡಿಸಿ ಹೇಳ್ತಾರೆ. ಪೆಟ್ರೋಲು ಮೂಡಿಗೆರೆ ಅಥವಾ ಕಳಸದಲ್ಲಿ ಹಾಕ್ಸಿ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನದೇ ಹೋಗ್ಬೇಡಿ. ನಾಲ್ಕು ಗಂಟೆಗಿಂತ ಹೆಚ್ಚೇ ಬೇಕು, ತಿರುವುಗಳು ಜಾಸ್ತಿ, ವಾಂತಿ ಮಾಡ್ಕೊಳ್ಳೋ ಮಕ್ಕಳಿದ್ರೆ ನಿಂಬೆಹಣ್ಣು ಕೈಲಿರ್ಲಿ. ಉದ್ಯಾನದ ಚೆಕ್‌ಪೋಸ್ಟಲ್ಲಿ ನಿಲ್ಸಿ ಬುಕಿಂಗ್ ಕಾಗದ ತೋರ್ಸಿ, ಮಧ್ಯೆ ಎಲ್ಲೂ ಇಳಿದು ತಿಂಡಿ ಪೊಟ್ಟಣ ಬಿಚ್ಚೋದು ಬೇಡ. ರೋಡ್ ಪಕ್ಕ ಮಂಗಗಳು ಬಂದು ಕೂರ್ತವೆ, ಒಂದು ಬಿಸ್ಕೆಟ್ ಎಸೆದ್ರೂ ಅವು ಗಾಡಿ ಕಾಯೋದು ಕಲೀತವೆ, ಆಮೇಲೆ ಗಾಡಿ ಕೆಳಗೇ ಸಾಯ್ತವೆ.

ಬ್ಯಾಗಲ್ಲಿ ಏನೇನು

ಉದ್ದ ಪ್ಯಾಂಟು, ಪೂರ್ತಿ ತೋಳಿನ ಅಂಗಿ, ಒಬ್ಬೊಬ್ರಿಗೆ ಮೂರು ಜೊತೆ ಉದ್ದ ಕಾಲುಚೀಲ, ಹಿಡಿತ ಇರೋ ಶೂ. ಸ್ವೆಟರ್, ಕುಲಾವಿ, ಅತ್ತೆಗೆ ಕಂಬಳಿ ಬೇರೆ. ಡಿಸೆಂಬರ್ ರಾತ್ರಿ ಅಲ್ಲಿ ಚಳಿ ಚೆನ್ನಾಗೇ ಇರುತ್ತೆ, ಟೆಂಟಿನ ಬಟ್ಟೆ ಬೆಳಗಿನ ಜಾವ ಇಬ್ಬನಿಗೆ ಒದ್ದೆ ಆಗುತ್ತೆ. ಸ್ಟೀಲ್ ಬಾಟ್ಲಿ ನೀರು, ಔಷಧಿ ಡಬ್ಬಿ, ಸಣ್ಣ ಹಗ್ಗ, ಒಣಗೋಕೆ ಹಾಕೋ ಕ್ಲಿಪ್ಪು. ಹಳೆ ನ್ಯೂಸ್ ಪೇಪರ್ ತಗೊಂಡೋಗಿ, ಒದ್ದೆ ಶೂ ಒಳಗೆ ತುರುಕಿಟ್ರೆ ಬೆಳಿಗ್ಗೆಗೆ ಎಷ್ಟೋ ಒಣಗಿರುತ್ತೆ.

ಊಟ ಕ್ಯಾಂಪಲ್ಲೇ ಕೊಡ್ತಾರೆ ಅಂತ ಕೇಳ್ಕೊಂಡಿದ್ರೂ ಕೈಲಿ ಸ್ವಲ್ಪ ಇರ್ಲಿ. ಅತ್ತೆ ಮೊದಲ ಮಧ್ಯಾಹ್ನಕ್ಕೆ ಬಾಳೆಲೇಲಿ ಪುಳಿಯೋಗರೆ ಬುತ್ತಿ ಕಟ್ಟಿದ್ರು, ಆಮೇಲಕ್ಕೆ ಹುರಿಗಾಳು, ಕೋಡುಬಳೆ, ಕೊಬ್ಬರಿ ಬೆಲ್ಲ, ಒಗ್ಗರಣೆ ಹಾಕಿದ ಒಣ ಅವಲಕ್ಕಿ. ಎಲ್ಲ ಸ್ಟೀಲ್ ಡಬ್ಬೀಲಿ, ಬಿಗಿ ಮುಚ್ಚಳ. ತಿನ್ನೋ ಸಾಮಾನು ಟೆಂಟೊಳಗೆ ಇಡ್ಲೇಬೇಡಿ, ಇಲಿ ಬಂದ್ರೆ ಹಿಂದೆ ಹಾವು ಬರುತ್ತೆ, ಮಂಗ ಬಂದ್ರೆ ಟೆಂಟೇ ಹರೀತದೆ. ಡಬ್ಬಿ ಎಲ್ಲ ರಾತ್ರಿ ಕಾರಲ್ಲಿ. ಪ್ಲಾಸ್ಟಿಕ್ ಕವರಿನ ತಿಂಡಿ ಒಂದೂ ಬೇಡ, ಮನೇಲೇ ಬಿಚ್ಚಿ ಡಬ್ಬಿಗೆ ಹಾಕಿ.

ಬೆಂಕಿ ವಿಷಯ ಒಂದೇ ಮಾತಲ್ಲಿ, ನೀವು ಹಾಕ್ಬೇಡಿ. ಸಿಬ್ಬಂದಿ ಅವರ ಜಾಗದಲ್ಲಿ ಹಾಕಿದ್ರೆ ಹೋಗಿ ಕೂತ್ಕೊಳ್ಳಿ, ಇಲ್ಲ ಅಂದ್ರೆ ಇಲ್ಲ.

ಇಂಬಳ, ಉಣ್ಣೆ, ಹಾವು

ಮಕ್ಕಳಿಗೆ ಇಂಬಳದ ಭಯ ಹೆಚ್ಚು, ನಿಜವಾಗಿ ಹುಷಾರಾಗಿರ್ಬೇಕಾದ್ದು ಉಣ್ಣೆ ಹತ್ರ. ಇಂಬಳ ಕಚ್ಚಿದ್ರೆ ಗಾಬರಿ ಬೇಡ, ಉಗುರಿಂದ ಅದರ ಬಾಯಿ ಹತ್ರ ಮೆಲ್ಲಗೆ ಸರಿಸಿ, ಇಲ್ಲಾ ಸ್ವಲ್ಪ ಉಪ್ಪು ಸುಣ್ಣ ಮುಟ್ಟಿಸಿದ್ರೆ ಬಿಟ್ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತೆ, ಅದಕ್ಕೇ ಸ್ವಲ್ಪ ಹೊತ್ತು ಸೋರ್ತಾ ಇರುತ್ತೆ, ತೊಳೆದು ಬಟ್ಟೆ ಒತ್ತಿ ಹಿಡೀರಿ ಸಾಕು. ಊರವ್ರು ಹೊಗೆಸೊಪ್ಪು ಸುಣ್ಣ ಸಣ್ಣ ಬಟ್ಟೆ ಗಂಟಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸ್ಕೊಂಡಿರ್ತಾರೆ, ಹತ್ತಿದ ಕಡೆ ಒತ್ತಿದ್ರೆ ಉದುರುತ್ತೆ.

ಉಣ್ಣೆ ಸಾಸಿವೆಗಿಂತ ಸಣ್ಣದಿರುತ್ತೆ, ಕಚ್ಚಿದ್ದೇ ಗೊತ್ತಾಗಲ್ಲ. ಮಂಗನ ಕಾಯಿಲೆ ಹರಡೋದು ಅದರಿಂದಾನೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಶೃಂಗೇರಿ ಎನ್.ಆರ್.ಪುರ ಕಡೆಗೂ ಬಂದಿದೆ, ಚಳಿಗಾಲದಿಂದ ಬೇಸಿಗೆ ತನಕ ಅದರ ಕಾಲ. ಹೋಗೋ ಮುಂಚೆ ಆ ಭಾಗದಲ್ಲಿ ಈ ವರ್ಷ ಕೇಸ್ ಇದ್ಯಾ ಅಂತ ಪೇಪರ್ ನೋಡಿ, ಇದ್ರೆ ಟ್ರಿಪ್ ಮುಂದಕ್ಕೆ ಹಾಕಿ, ಕಾಡು ಎಲ್ಲೂ ಹೋಗಲ್ಲ. ಅಲ್ಲಿದ್ದಾಗ ಪ್ಯಾಂಟನ್ನ ಕಾಲುಚೀಲದ ಒಳಗೆ ಸೇರಿಸ್ಕೊಳ್ಳಿ, ಬಿದ್ದ ಎಲೆ ರಾಶಿ ಮೇಲೆ ಕೂರ್ಬೇಡಿ, ಆರೋಗ್ಯ ಇಲಾಖೆಯವ್ರು ಕಾಡಂಚಿನ ಊರಲ್ಲಿ ಕೊಡೋ ಡೆಪಾ ಎಣ್ಣೆ ಸಿಕ್ಕಿದ್ರೆ ಕೈ ಕಾಲಿಗೆ ಹಚ್ಚಿ. ದಿನಾ ಸಂಜೆ ಬಿಸಿನೀರು ಸ್ನಾನ, ಆಮೇಲೆ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಕೂದಲ ಬುಡ, ಒಬ್ಬರದ್ದು ಒಬ್ಬರು ನೋಡಿ. ಸತ್ತ ಮಂಗ ಕಂಡ್ರೆ ಹತ್ರನೂ ಹೋಗ್ದೆ ಸಿಬ್ಬಂದಿಗೆ ಹೇಳಿ.

ಹಾವಿನ ವಿಷಯ: ಶೂ ಹಾಕೋ ಮುಂಚೆ ತಲೆಕೆಳಗೆ ಮಾಡಿ ಕೊಡವಿ, ಕತ್ತಲಲ್ಲಿ ಬಾತ್‌ರೂಮಿಗೂ ಟಾರ್ಚ್ ಹಿಡಿದೇ ಹೋಗಿ. ಕಚ್ಚಿದ್ರೆ ಕಟ್ಟೋದು ಕುಯ್ಯೋದು ಚೀಪೋದು ಏನೂ ಮಾಡ್ಬೇಡಿ, ಕೈಕಾಲು ಅಲುಗಾಡಿಸ್ದೆ ಮಲಗಿಸಿ ಸೀದಾ ಆಸ್ಪತ್ರೆ. ಹೊಳೆಗೆ ಮಕ್ಕಳು ಒಬ್ಬೊಬ್ರೇ ಇಳಿಯೋ ಹಾಗಿಲ್ಲ, ಡಿಸೆಂಬರಲ್ಲಿ ಭದ್ರೆ ನೋಡೋಕೆ ಸಣ್ಣಗೆ ಕಂಡ್ರೂ ಬಂಡೆ ಪಾಚಿ ಹಿಡಿದು ಜಾರುತ್ತೆ.

ಮೊದಲನೇ ಸಂಜೆ

ಮೂರು ಗಂಟೆ ಒಳಗೆ ಕ್ಯಾಂಪ್ ಸೇರ್ಕೊಳ್ಳಿ. ಬೆಳಕಿರೋವಾಗ್ಲೇ ಬಾತ್‌ರೂಮ್ ಎಲ್ಲಿ, ಸಿಬ್ಬಂದಿ ಎಲ್ಲಿ ಮಲಗ್ತಾರೆ, ಯಾವ ಗೆರೆ ದಾಟಬಾರ್ದು ಅಂತ ಮಕ್ಕಳನ್ನ ನಡೆಸಿ ತೋರಿಸಿ. ನಮ್ಮ ಕ್ಯಾಂಪಿನ ವಾಚರ್ ಅಣ್ಣ ಮಗಳ ಕೈಲಿ ಒಂದು ಕೋಲು ಕೊಟ್ಟು "ಪುಟ್ಟಿ, ಆ ಮರದ ತನಕ ನಿಂದು, ಆಚೆಯಿಂದ ಕಾಟಿದು" ಅಂದ್ರು, ಕಾಟಿ ಅಂದ್ರೆ ಕಾಡುಕೋಣ, ಎರಡು ದಿನ ಅವಳು ಆ ಮರ ದಾಟಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಮರದಾಚೆ ಕಾಟಿ ಹೆಜ್ಜೆ ಇತ್ತು, ನನ್ನ ಎರಡು ಅಂಗೈ ಅಗಲ.

ಸೂರ್ಯ ಮುಳುಗೋಕೆ ಎಷ್ಟು ಹೊತ್ತಿದೆ ಅಂತ ವಾಚ್ ನೋಡ್ದೆ ಹೇಳೋದು ಕಲ್ಸಿ. ಕೈ ಪೂರ್ತಿ ನೀಡಿ ಮುಷ್ಟಿ ಹಿಡಿದ್ರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತೆ, ಸೂರ್ಯ ಗಂಟೆಗೆ 15 ಡಿಗ್ರಿ ಸರಿಯೋದ್ರಿಂದ ಒಂದು ಮುಷ್ಟಿ ಅಂದ್ರೆ ಹತ್ರಹತ್ರ 40 ನಿಮಿಷ. ಗುಡ್ಡದ ತಲೆಗೂ ಸೂರ್ಯಂಗೂ ಮಧ್ಯೆ ಎಷ್ಟು ಮುಷ್ಟಿ ಇದೆ ಅಂತ ಅಳೀರಿ. ಮಗ ಅಳೆದು ಒಂದೂವರೆ ಮುಷ್ಟಿ, ಇನ್ನೊಂದು ಗಂಟೆ ಅಂದ, ವಾಚಲ್ಲಿ ಐವತ್ತೈದು ನಿಮಿಷಕ್ಕೆ ಮುಳುಗ್ತು.

ಮುಳುಗಿದ ಮೇಲೆ ಊಟದ ಗಂಟೆ ತನಕ ಒಂದು ಗಂಟೆ ಇರುತ್ತಲ್ಲ, ಅದೇ ಕಷ್ಟದ ಹೊತ್ತು. ಮಗಳು "ಅಮ್ಮಾ, ಬೋರು" ಅಂತ ನಾಲ್ಕು ಸಲ ಅಂದ್ಲು. ನಮ್ಮನೆಯವ್ರು ಸುಮ್ಮನೆ ಎದ್ದು ಕಾರಿನ ತನಕ ಹೋಗಿ ಬಂದ್ರು, ಕವರ್ ಮುಟ್ಟಲಿಲ್ಲ. ಆ ಒಂದು ಗಂಟೇನ ಏನಾದ್ರೂ ಮಾಡಿಸಿ ತುಂಬ್ಸೋಕೆ ಹೋಗ್ಬೇಡಿ, ಸುಮ್ನೆ ಬಿಡಿ. ಸ್ವಲ್ಪ ಹೊತ್ತಿಗೆ ಅತ್ತೆ ಯಾರಿಗೂ ಹೇಳ್ದೆ ನೆಲದ ಮೇಲೆ ಇದ್ದಿಲ ಚೂರಲ್ಲಿ ಚೌಕಾಬಾರದ ಮನೆ ಬರೆಯೋಕೆ ಶುರು ಮಾಡಿದ್ರು, ಐದು ಅಡ್ಡ ಐದು ಉದ್ದ. ಕವಡೆ ಇಲ್ಲಾಂದ್ರೆ ನಾಲ್ಕು ಹುಣಸೆ ಬೀಜದ ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡ್ಕೊಳ್ಳಿ, ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕು ಮನೆ, ನಾಲ್ಕೂ ಕಪ್ಪು ಬಿದ್ರೆ ಬಾರ, ಎಂಟು ಮನೆ. ಕಾಯಿಗೆ ಕಲ್ಲು, ಕಡ್ಡಿ, ಬೀಜ, ಎಲೆ. ಬೋರು ಅಂದವಳು ಊಟಕ್ಕೆ ಕರೆದ್ರೆ ಬರಲ್ಲ ಅಂದ್ಲು.

ಊಟ ಆದ್ಮೇಲೆ ಒಗಟು. ಅತ್ತೆ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದ್ರು, ಮಲ್ಲಿಗೆ ಅಂತ ಉತ್ತರ. ಮಗಳು ಕಾಫಿ ಹೂ ಅಂದ್ಲು. ಸಕಲೇಶಪುರದ ಕಡೆ ತೋಟದಲ್ಲಿ ಮಳೆ ಬಿದ್ದ ವಾರಕ್ಕೆ ಗಿಡವೆಲ್ಲ ಬೆಳ್ಳಗಾಗಿದ್ದನ್ನ ನೋಡಿದ್ಲಲ್ಲ. ಅತ್ತೆ ಅದನ್ನೂ ಸರಿ ಅಂತ ಒಪ್ಕೊಂಡ್ರು.

ಆಕಾಶ

ಟಾರ್ಚ್ ಎಲ್ಲ ಆರಿಸಿ ಅರ್ಧ ಗಂಟೆ ಸುಮ್ಮನೆ ಕೂತ್ಕೊಳ್ಳಿ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಮಧ್ಯೆ ಒಂದ್ಸಲ ಬಿಳಿ ಬೆಳಕು ಕಣ್ಣಿಗೆ ಬಿದ್ರೆ ಮತ್ತೆ ಮೊದಲಿಂದ. ಕೆಂಪು ಬೆಳಕು ಅಷ್ಟು ಕೆಡಿಸಲ್ಲ, ಆ ಜಿಲೇಟಿನ್ ಕಾಗದದ ಟಾರ್ಚು ಅದಕ್ಕೇ.

ಡಿಸೆಂಬರಲ್ಲಿ ರಾತ್ರಿ ಎಂಟರ ಮೇಲೆ ಪೂರ್ವಕ್ಕೆ ನೋಡಿದ್ರೆ ಮೂರು ನಕ್ಷತ್ರ ಒಂದೇ ಸಾಲಲ್ಲಿ ಕಂಬದ ಹಾಗೆ ನಿಂತಿರ್ತವೆ, ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ (ಓರಿಯನ್) ಸೊಂಟಪಟ್ಟಿ ಅದು. ಆ ಸಾಲನ್ನ ಹಾಗೇ ಮೇಲಕ್ಕೆ ಎಳೀರಿ, ಕೆಂಪಗೆ ರೋಹಿಣಿ ಸಿಗುತ್ತೆ, ಇನ್ನೂ ಮೇಲಕ್ಕೆ ಹೋದ್ರೆ ದ್ರಾಕ್ಷಿ ಗೊಂಚಲಿನ ಹಾಗೆ ಕೃತ್ತಿಕೆ. ಮೂರರ ಪಕ್ಕ ಎಡಕ್ಕಿರೋ ಕೆಂಪು ಚುಕ್ಕಿ ಆರಿದ್ರಾ. ಒಂಬತ್ತು ದಾಟಿದ್ರೆ ಅದೇ ಸಾಲನ್ನ ಕೆಳಕ್ಕೆ ಎಳೆದ ಕಡೆ ಗುಡ್ಡದ ಮೇಲಿಂದ ಲುಬ್ಧಕ ಎದ್ದು ಬರುತ್ತೆ, ಎಲ್ಲಕ್ಕಿಂತ ಪ್ರಕಾಶ. ಈ ಹೆಸರೆಲ್ಲ ಕೇಳ್ತಿದ್ದ ಹಾಗೆ ಅತ್ತೆ ಇವೆಲ್ಲ ಮಳೆ ಹೆಸರಲ್ವಾ ಅಂದ್ರು. ಹೌದು, ಕೃತ್ತಿಕೆ ಮಳೆ, ರೋಹಿಣಿ ಮಳೆ, ಮೃಗಶಿರ, ಆರಿದ್ರಾ. ಮೇ ಜೂನಲ್ಲಿ ಸೂರ್ಯ ಈ ನಕ್ಷತ್ರಗಳ ಹತ್ರ ಇರೋದ್ರಿಂದ ಆ ಮಳೆಗಳಿಗೆ ಇವುಗಳ ಹೆಸರು, ಆಗ ಇವು ಹಗಲಲ್ಲಿ ಸೂರ್ಯನ ಜೊತೆ ಇರೋದ್ರಿಂದ ಕಾಣಲ್ಲ, ಆರು ತಿಂಗಳಾದ್ಮೇಲೆ ಚಳಿಗಾಲದ ರಾತ್ರೀಲಿ ಎದುರಿಗೇ ಬಂದು ನಿಲ್ತವೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಅರವತ್ತು ವರ್ಷ ಹೇಳ್ಕೊಂಡು ಬಂದಿರೋ ಅತ್ತೆ, ಆ ನಕ್ಷತ್ರಗಳು ಇಲ್ಲಿವೆ ಅಂತ ಮೊದಲ ಸಲ ನೋಡಿದ್ದು ಆ ರಾತ್ರಿ. ಮೊಮ್ಮಗ ಅಜ್ಜಿ ಕೈ ಹಿಡಿದು ಬೆರಳಲ್ಲಿ ತೋರಿಸ್ತಿದ್ದ, ಅಜ್ಜಿ ಮಳೆ ಲೆಕ್ಕ ಹೇಳ್ತಿದ್ರು, ಯಾವ ಮಳೇಲಿ ರಾಗಿ ಬಿತ್ತೋದು, ಯಾವುದರಲ್ಲಿ ಸಸಿ ಹಾಕೋದು. ಹತ್ತೂವರೆ ಆದ್ರೂ ಇಬ್ಬರೂ ಕೂತ ಜಾಗ ಬಿಟ್ಟು ಎದ್ದಿರ್ಲಿಲ್ಲ. ಇದಕ್ಕೆ ಮುಂಚೆನೇ ಮನೇಲಿ ಈ ನಾಲ್ಕೈದು ನಕ್ಷತ್ರದ ಚಿತ್ರ ಪುಸ್ತಕದಲ್ಲಿ ಬರೆದು ಅಭ್ಯಾಸ ಮಾಡ್ಕೊಂಡಿರಿ, ಅಲ್ಲಿ ಹೋಗಿ ಹುಡುಕ್ತೀನಿ ಅಂದ್ರೆ ಅಷ್ಟು ನಕ್ಷತ್ರದ ಮಧ್ಯೆ ಯಾವ್ದೂ ಗೊತ್ತಾಗಲ್ಲ.

ಬೆಳಗಿನ ಜಾವ

ಆರು ಗಂಟೆಗೆ ಎಬ್ಬಿಸಿ, ಕಂಬಳಿ ಹೊದ್ದುಕೊಂಡೇ ಟೆಂಟ್ ಮುಂದೆ ಕೂರ್ಸಿ. ಕೈಲಿ ಪುಸ್ತಕ, ಹಾಳೆ ಮಧ್ಯೆ ಒಂದು ಚುಕ್ಕಿ, ಅದು ನೀನು. ಯಾವ ಕಡೆಯಿಂದ ಏನು ಶಬ್ದ ಬರುತ್ತೋ ಆ ಕಡೆ ಗುರುತು ಹಾಕ್ಬೇಕು, ಹತ್ರ ಇದ್ರೆ ಹತ್ರ, ದೂರ ಇದ್ರೆ ದೂರ. ಹೆಸರು ಗೊತ್ತಿಲ್ದಿದ್ರೆ ಕೇಳಿಸಿದ ಹಾಗೆ ಬರೀಲಿ. ಮಗಳ ಹಾಳೇಲಿ ಹದಿನೈದು ನಿಮಿಷಕ್ಕೆ ಹನ್ನೆರಡು ಶಬ್ದ: ಹೊಳೆ, ಇಬ್ಬನಿ ಎಲೆ ಮೇಲೆ ತೊಟ್ಟಿಕ್ಕೋದು, "ಕುಟ್ರು ಕುಟ್ರು", ಕಾಡುಕೋಳಿ, ಅಜ್ಜಿ ಕೆಮ್ಮು, ದೂರದಲ್ಲಿ ಲಾರಿ. ಆ ಹಾಳೆ ವಾಚರ್ ಅಣ್ಣಂಗೆ ತೋರ್ಸಿ ಅಂತ ನಾವು ಹೇಳಿದ್ವಿ, ಅವ್ರು ಒಂದೊಂದಕ್ಕೂ ಹೆಸರು ಕೊಟ್ರು, ಕುಟ್ರುಹಕ್ಕಿ, ಕೆಂಜಳಿಲು. ಮರದ ಮೇಲೆ ಕೆಂಜಳಿಲು ಒಂದೇ ಸಮ ಕಿರುಚಿದ್ರೆ ಕೆಳಗೆ ಏನೋ ಓಡಾಡ್ತಿದೆ ಅಂತ ಅರ್ಥ ಅಂದ್ರು. ಇದನ್ನ ಯಾವ ಆಪೂ ಹೀಗೆ ಎದುರು ನಿಂತು ಹೇಳಲ್ಲ, ಅದಕ್ಕೇ ಅಲ್ಲಿಯ ಸಿಬ್ಬಂದಿ ಜೊತೆ ಮಾತಾಡೋಕೆ ಟೈಮ್ ಇಟ್ಕೊಳ್ಳಿ, ಅವರ ಹೆಸರು ಊರು ಕೇಳಿ, ಹೊರಡೋವಾಗ ಥ್ಯಾಂಕ್ಸ್ ಹೇಳಿ.

ಗಾರ್ಡ್ ಜೊತೆ ನಡಿಗೆ ಹೋದಾಗ ಹುಲ್ಲುಗುಡ್ಡ ತೋರಿಸಿ ಮಕ್ಕಳಿಗೆ ಈ ಜಾಗದ ಕಥೆ ಹೇಳಿ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸರ್ವೆ ಮಾಡಿದ್ರು, 1987ರಲ್ಲಿ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯ್ತು. ಅದೇ ಕಾಡಿನ ಮಧ್ಯೆ ಕಬ್ಬಿಣದ ಅದಿರಿನ ಗಣಿ ನಡೀತಾನೇ ಇತ್ತು, ಜನ ಹೋರಾಟ ಮಾಡಿ, ಸುಪ್ರೀಂ ಕೋರ್ಟ್ ಆದೇಶ ಬಂದು, 2005ರ ಕೊನೆಗೆ ಗಣಿ ನಿಂತಿತು. ನಿಂತು ಇಷ್ಟು ವರ್ಷ ಆದ್ಮೇಲೆ ಹುಟ್ಟಿದ ಮಕ್ಕಳು ಇವತ್ತು ಅಲ್ಲಿ ಹೊಳೆ ನೀರಲ್ಲಿ ಕಾಲಿಟ್ಕೊಂಡು ಕೂತಿದ್ದಾರೆ ಅಂದ್ರೆ ನನಗೆ ಹೊಟ್ಟೆ ತಣ್ಣಗಾಗುತ್ತೆ.

ವಾಪಸ್ ಬಂದ್ಮೇಲೆ

ನಿಮ್ಮ ಕಸ ನಿಮ್ಮ ಜೊತೆ, ಕಿತ್ತಳೆ ಸಿಪ್ಪೆನೂ ಬಿಡ್ಬೇಡಿ. ಟೈಮ್ ಇದ್ರೆ ಕಳಸದ ಕಳಸೇಶ್ವರ, ಹೊರನಾಡು ಅನ್ನಪೂರ್ಣೇಶ್ವರಿ ಮಾಡ್ಕೊಂಡು ಪ್ರಸಾದದ ಊಟ ಮಾಡಿ ಬನ್ನಿ, ನಾವು ಹಾಗೇ ಮಾಡಿದ್ವಿ. ಫೋನ್ ಕವರ್ ಹರಿಯೋದು ಮನೆ ಬಾಗಿಲು ತೆಗೆದ ಮೇಲೇನೇ ಅಂತ ಮೊದಲೇ ಮಾತಾಡ್ಕೊಂಡಿರಿ, ಇಲ್ಲಾಂದ್ರೆ ಕೊಟ್ಟಿಗೆಹಾರಕ್ಕೇ ಮುಗಿದೋಗುತ್ತೆ ಟ್ರಿಪ್ಪು.

ಹಾಕಿದ್ದ ಬಟ್ಟೆ ಎಲ್ಲ ಅವತ್ತೇ ಬಿಸಿನೀರಿಗೆ ಹಾಕಿ. ಮುಂದಿನ ಹತ್ತು ದಿನದಲ್ಲಿ ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಕೂರ್ಬೇಡಿ, ಡಾಕ್ಟ್ರ ಹತ್ರ ಹೋಗಿ ಮಲೆನಾಡ ಕಾಡಿಗೆ ಹೋಗಿ ಬಂದಿದ್ವಿ ಅಂತ ಬಾಯಿಬಿಟ್ಟು ಹೇಳಿ.

ಮಾರನೇ ರಾತ್ರಿ ಮಕ್ಕಳನ್ನ ಮನೆ ತಾರಸಿಗೆ ಕರ್ಕೊಂಡು ಹೋಗಿ. ಕ್ಯಾಂಪಲ್ಲಿ ಗುಡ್ಡ ಅಡ್ಡ ಬಂದು ಧ್ರುವ ನಕ್ಷತ್ರ ಕಂಡಿರ್ಲಿಲ್ಲ, ಹಾಸನ ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಉತ್ತರಕ್ಕೆ ತಿರುಗಿ ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದೆರಡು ಬೆರಳು ಅಳೆದ್ರೆ ಅಲ್ಲೇ ಇರುತ್ತೆ, ಮಂಕಾಗಿ. ಮಗ ಹುಡುಕಿದ. ಮಗಳು ಕೃತ್ತಿಕೆ ಎಣಿಸಿದ್ಲು, ಕಾಡಲ್ಲಿ ಅವಳ ಪುಸ್ತಕದಲ್ಲಿ ಏಳು ಅಂತ ಬರೆದಿತ್ತು, ನಮ್ಮ ತಾರಸೀಲಿ ಬೀದಿ ದೀಪದ ಬೆಳಕಲ್ಲಿ ನಾಲ್ಕು. ಅದನ್ನೂ ಪಕ್ಕದಲ್ಲೇ ತಾರೀಕು ಹಾಕಿ ಬರೆದಿಟ್ಟಿದ್ದಾಳೆ.